ಸ್ಕೂಟರಿನ ಬೀಗ, ಅಜ್ಜಿಯ ಮೆಟ್ಟಿಲು

ರೋಗಿಯ ಮನೆಯಿದ್ದ ಅಪಾರ್ಟ್‌ಮೆಂಟಿನ ಕೆಳಗೆ ನಿಲ್ಲಿಸಿದ್ದ ನನ್ನ ಸ್ಕೂಟರಿನ ಮುಂದಿನ ಚಕ್ರಕ್ಕೆ ಹಳದಿ ಬಣ್ಣ ಬಳಿದ ದಪ್ಪ ಬೀಗ ಹಾಕಿದ್ದರು. ಯಾರೋ ತಮ್ಮ ಗಾಡಿ ಅಂದುಕೊಂಡು ನನ್ನದಕ್ಕೆ ಹಾಕಿರಬೇಕು ಅಂತ ಮೊದಲು ಅನ್ನಿಸಿತು. ನನ್ನ ಹೆಗಲಲ್ಲಿ ನರಗಳಿಗೆ ಕರೆಂಟ್ ಕೊಡುವ ಮಷೀನಿನ ಬ್ಯಾಗು, ಒಂದು ಕೈಯಲ್ಲಿ ಕಾಲಿಗೆ ಭಾರ ಕಟ್ಟುವ ಮರಳಿನ ಪಟ್ಟಿಗಳು, ಇನ್ನೊಂದರಲ್ಲಿ ನಾಲ್ಕು ಕಾಲಿನ ಊರುಗೋಲು. ಸ್ಕೂಟರನ್ನು ಬಸ್ ಸ್ಟ್ಯಾಂಡಿನ ಹತ್ತಿರ ಬಿಟ್ಟು ಹಳೇಬೀಡಿನ ಬಸ್ಸು ಹತ್ತಬೇಕಿತ್ತು. ಅಲ್ಲಿ ಸೊಂಟದ ಮೂಳೆ ಮುರಿದುಕೊಂಡ ಮೇಷ್ಟ್ರೊಬ್ಬರು ನಾನು ಬಂದ ಮೇಲೇ ಹಾಸಿಗೆ ಬಿಟ್ಟು ಏಳುತ್ತೇನೆ ಅಂತ ಹಟ ಹಿಡಿದು ಮಲಗಿರುತ್ತಿದ್ದರು.

ವಾಚ್‌ಮನ್ ಓಡಿಬಂದ. "ಬೇಜಾರ್ ಮಾಡ್ಕೋಬೇಡಿ ಮೇಡಂ. ಹೊರಗಿನೋರ ಗಾಡಿ ಒಳಗೆ ನಿಂತ್ರೆ ದಂಡ. ಮೊನ್ನೆಯಿಂದ ರೂಲ್ಸು."

"ನಾನು ಹೊರಗಿನೋಳೇನ್ರೀ? ದಿನಾ ನಿಮ್ಮ ಕೈಲೇ ಗೇಟು ತೆಗೆಸ್ಕೊಂಡು ಬರ್ತೀನಲ್ಲ!"

"ನನಗೊತ್ತು ಮೇಡಂ. ಬೀಗಕ್ಕೆ ಗೊತ್ತಾಗ್ಬೇಕಲ್ಲ."

ನನಗೆ ಮೊದಲೇ ಮೂಗಿನ ತುದೀಲಿ ಕೋಪ. ನಮ್ಮೂರು ಹಗರೆಯ ಮನೆಯಲ್ಲಿ "ಇವಳ ಹತ್ರ ಎಮ್ಮೆನೂ ತಲೆ ತಗ್ಗಿಸ್ಕೊಂಡು ಹಾಲು ಕೊಡುತ್ತೆ" ಅಂತ ಆಡಿಕೊಳ್ಳುತ್ತಿದ್ದರು. ಆದರೆ ಅವತ್ತು ಬಸ್ಸು ಮುಖ್ಯವಾಗಿತ್ತು. ಒಂದು ದಿನದ ದುಡಿಮೆಯನ್ನು ದಂಡ ಕಟ್ಟಿ, ವಾಚ್‌ಮನ್‌ಗೆ ನಾಲ್ಕು ಮಾತು ಅಂದು ಹೊರಟೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ನಾನು ಫಿಸಿಯೋಥೆರಪಿ ಮಾಡುವವಳು. ಆಸ್ಪತ್ರೆಯಲ್ಲಿ ಕೂತಲ್ಲ, ಮನೆಮನೆಗೆ ಹೋಗಿ. ಅರಸೀಕೆರೆಯಲ್ಲಿ ವಾಸ. ಬೆಳಿಗ್ಗೆ ಊರೊಳಗಿನ ರೋಗಿಗಳನ್ನು ನೋಡಿ ಮುಗಿಸಿ, ಮಧ್ಯಾಹ್ನದ ಮೇಲೆ ಹಳೇಬೀಡಿನ ಕಡೆ ಹೋಗುತ್ತೇನೆ. ಈ ಕಟ್ಟಡದ ಎರಡನೇ ಮಹಡಿಯಲ್ಲಿ ನನ್ನ ರೋಗಿಯೊಬ್ಬರಿದ್ದರು. ತೆಂಗಿನಕಾಯಿ, ಕೊಬ್ಬರಿ ವ್ಯಾಪಾರದ ಮನೆತನದ ಅಜ್ಜಿ. ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಬಾಯಿ ಒಂಚೂರು ಸೊಟ್ಟಗಾಗಿತ್ತು, ಆದರೆ ಮಾತು ಸೊಟ್ಟಗಾಗಿರಲಿಲ್ಲ. ಮನೆಯಲ್ಲಿ ಮಗ, ಸೊಸೆ ಇದ್ದರು. ಇಬ್ಬರೂ ಒಳ್ಳೆಯ ಜನ. ಎಳನೀರು ಕುಡಿಯದೆ ನಾನು ಆ ಮನೆಯ ಹೊಸಿಲು ದಾಟಿದ್ದೇ ಇಲ್ಲ.

ತೊಂದರೆ ಏನೆಂದರೆ, ಅಜ್ಜಿಗೆ ನಡೆಯುವ ಮನಸ್ಸೇ ಇರಲಿಲ್ಲ. ಮಂಚದ ತುದಿಗೆ ಕೂರಿಸಿ, ನನ್ನ ಮಂಡಿಯಿಂದ ಅವರ ಸೋತ ಮಂಡಿಗೆ ಆನಿಕೆ ಕೊಟ್ಟು, "ಮುಂದಕ್ಕೆ ಬಾಗಿ ಅಜ್ಜಿ, ಮೂಗು ಪಾದದ ನೇರಕ್ಕೆ ಬರ್ಲಿ, ಈಗ ಏಳಿ" ಅಂದರೆ, "ಯಾಕವ್ವ ಏಳ್ಬೇಕು? ಸೊಸೆ ತಟ್ಟೆ ಇಲ್ಲಿಗೇ ತತ್ತಾಳೆ" ಅನ್ನುವರು. ಎದ್ದು ನಿಂತರೂ ಭಾರವನ್ನೆಲ್ಲ ಬಲಗಾಲಿನ ಮೇಲೇ ಬಿಡುವರು. ಎಡಪಾದ ನೆಲಕ್ಕೆ ಸುಮ್ಮನೆ ತಾಗಿಕೊಂಡಿರುತ್ತಿತ್ತು. ಪಾದ ಜೋಲು ಬೀಳದ ಹಾಗೆ ಪ್ಲಾಸ್ಟಿಕ್ಕಿನ ಪಟ್ಟಿ ಮಾಡಿಸಿಕೊಟ್ಟೆ. ಅದನ್ನು ಹಾಕಿದ ದಿನ, "ಎತ್ತಿಗೆ ಲಾಳ ಹೊಡೆದಂಗಾಯ್ತು" ಅಂದು ಮುಖ ತಿರುಗಿಸಿದರು.

ನಮ್ಮ ಕೆಲಸದಲ್ಲಿ ರೋಗಿಗೆ ಎಲ್ಲಿಗಾದರೂ ಹೋಗಬೇಕು ಅನ್ನಿಸಬೇಕು. ಬಚ್ಚಲಿಗೋ, ದೇವರ ಮನೆಗೋ, ಪಕ್ಕದ ಮನೆಯವರ ಜೊತೆ ಹರಟೋಕೋ, ಎಲ್ಲಿಗೋ ಒಂದು ಕಡೆ. ಅದಿಲ್ಲದಿದ್ದರೆ ಎಷ್ಟು ಎಬ್ಬಿಸಿದರೂ ನಮ್ಮ ಸೊಂಟ ನೋಯುತ್ತೆ ಅಷ್ಟೇ.

ಅಜ್ಜಿಗೆ ಬೇಡವಾದದ್ದು ಮಾತ್ರ ಒಂದು ಸ್ಪಷ್ಟವಾಗಿತ್ತು. ಕಟ್ಟಡಕ್ಕೆ ಲಿಫ್ಟಿಲ್ಲ. ಆಸ್ಪತ್ರೆಯಿಂದ ಬಂದ ದಿನ ನಾಲ್ಕು ಜನ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತು ತಂದಿದ್ದರಂತೆ.

"ನಿಮ್ಮ ಕಡೆ ಸತ್ತೋರನ್ನ ಮಲಗಿಸಿ ಹೊರ್ತೀರಿ ಅಲ್ವೇನವ್ವ? ನಮ್ಮಲ್ಲಿ ಕೂರಿಸಿ ಹೊರ್ತಾರೆ. ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಕೂರಿಸಿ. ಅವತ್ತು ನನ್ನನ್ನ ಕುರ್ಚೀಲಿ ಎತ್ತಿದ್ರಲ್ಲ, ಉಸಿರಿದ್ರೂ ಕಣ್ಣು ಮುಚ್ಕೊಂಡ್ಬುಟ್ಟೆ. ಇನ್ನೊಂದ್ ಸಲ ಕುರ್ಚೀಲಿ ಕೂತು ಇಳಿಯೋದು ಅಂದ್ರೆ ಅದು ಒಂದೇ ದಿನ."

ನಾನು ಅವರ ಪಾದ ತಿಕ್ಕುತ್ತಾ ಕೂತಿದ್ದೆ.

ಎರಡನೇ ಸಲ ಬೀಗ ಬಿದ್ದಾಗ ದಂಡ ಕಟ್ಟಲಿಲ್ಲ. ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರ ಮನೆ ಬಾಗಿಲು ತಟ್ಟಿದೆ. ಅವರು ನಿವೃತ್ತ ಅಧಿಕಾರಿ, ಮೃದು ಮಾತಿನವರು. ಕೂರಿಸಿ ಕಾಫಿ ಕೊಟ್ಟರು, ಅವತ್ತಿನ ಮಟ್ಟಿಗೆ ಬೀಗ ತೆಗೆಸಿದರು.

"ನೋಡೀಮ್ಮ, ನಿಮ್ಮ ಮೇಲೆ ನಮಗೇನು ದ್ವೇಷವೇ? ಬೆಂಗಳೂರಿನ ರೈಲು ಹಿಡಿಯೋರೆಲ್ಲ ಬೆಳಿಗ್ಗೆ ಬೈಕು ತಂದು ಇಲ್ಲಿ ನಿಲ್ಲಿಸಿ ಹೋಗ್ತಾರೆ. ಸಂಜೆ ಬಂದು ತಗೊಂಡು ಹೋಗ್ತಾರೆ. ಕೇಳಿದ್ರೆ ಮೂರನೇ ಮಹಡಿಗೆ ಬಂದಿದ್ವಿ ಅಂತಾರೆ. ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕು."

"ಸರ್, ನಾನು ಬರೋದು ನಿಮ್ಮ ಸದಸ್ಯರ ಮನೆಗೆ. ಹೊರಗೆ ಮೇನ್ ರೋಡಲ್ಲಿ ಕೊಬ್ಬರಿ ಮಂಡಿಗೆ ಹೋಗೋ ಲಾರಿಗಳು. ನಿಲ್ಲಿಸೋಕೆ ಜಾಗ ಎಲ್ಲಿದೆ?"

"ಹಾಗಾದ್ರೆ ಆ ಮನೆಯವರು ಬರೆದುಕೊಡಲಿ, ಇವರು ನಮ್ಮ ಮನೆಗೆ ಬರೋರು ಅಂತ. ಕಮಿಟಿ ನೋಡುತ್ತೆ."

ನ್ಯಾಯವಾದ ಮಾತೇ ಅನ್ನಿಸಿತು. ಅಜ್ಜಿಯ ಮಗನನ್ನು ಕೇಳಿದೆ. "ಅದಕ್ಕೇನ್ ಮೇಡಂ, ಇವತ್ತೇ ಬರ್ಕೊಡ್ತೀನಿ" ಅಂದರು. ನಾಳೆ ಅಂದರು. ಅಧ್ಯಕ್ಷರು ಸಿಗಲಿಲ್ಲ ಅಂದರು. ಸಂತೆ ದಿನ ಮಂಡೀಲಿ ಪುರುಸೊತ್ತಿಲ್ಲ ಅಂದರು. ಎಳನೀರು ಮಾತ್ರ ತಪ್ಪದೆ ಬರುತ್ತಿತ್ತು. ಇಷ್ಟು ಚಿಕ್ಕ ಕೆಲಸಕ್ಕೆ ಈ ಮನುಷ್ಯ ಯಾಕೆ ಹೀಗೆ ನುಣುಚಿಕೊಳ್ಳುತ್ತಾರೆ ಅಂತ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಸ್ಕೂಟರಿನ ಕನ್ನಡಿಯನ್ನು ಲಾರಿಯೊಂದು ಕಿತ್ತುಕೊಂಡು ಹೋಯಿತು. ಮಾರನೇ ದಿನ ಮತ್ತೆ ಒಳಗೇ ನಿಲ್ಲಿಸಿದೆ, ಮತ್ತೆ ಬೀಗ ಬಿತ್ತು.

ಅವತ್ತು ನಾನು ಕೆಳಗೆ ಕೂಗಾಡಿದ್ದು ಎರಡನೇ ಮಹಡಿಗೂ ಕೇಳಿಸಿತ್ತು. ಅಜ್ಜಿಯ ಮಂಚ ಗೇಟಿನ ಮೇಲಿನ ಕಿಟಕಿಗೇ ಹತ್ತಿಕೊಂಡಿತ್ತು. ಮರುದಿನ ನಾನು ಒಳಗೆ ಕಾಲಿಡುವಷ್ಟರಲ್ಲಿ, ಯಾರೂ ಹೇಳದೆ ಅಜ್ಜಿ ತಾವೇ ಮಂಚದ ತುದಿಗೆ ಜರುಗಿ ಕೂತಿದ್ದರು.

"ಏನವ್ವ ಅದು ಗಲಾಟೆ? ನಮ್ಮನೆಗೆ ಬಂದೋಳ ಗಾಡೀನ ಕಟ್ಟಾಕಿದ್ರಂತೆ? ನಾನು ಬದುಕಿರೋವಾಗ?"

"ಹೋಗ್ಲಿ ಬಿಡಿ ಅಜ್ಜಿ."

"ಅದೆಂಗೆ ಬಿಡೋದು? ಮನೆಗೆ ಬಂದೋರ ಕೈಲಿ ದಂಡ ಕಟ್ಟಿಸ್ಕೊಳ್ಳೋ ಜನಾನಾ ನಾವು? ಹೇಳು, ಯಾರ್ನ ಕೇಳ್ಬೇಕು?"

ಅವತ್ತು ಅವರು ಮೂರು ಸಲ ಎದ್ದು ನಿಂತರು. ಬೈಯುವ ರಭಸಕ್ಕೆ ಎಡಗಾಲಿನ ಮೇಲೆ ಭಾರ ಬಿದ್ದದ್ದು ಅವರಿಗೇ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಅವರ ಸೊಂಟದ ಮೇಲೆ ನನ್ನ ಕೈ ಇತ್ತಲ್ಲ. ನಾನು ಕೋಪವನ್ನು ಅಷ್ಟು ಸಂತೋಷದಿಂದ ಯಾವತ್ತೂ ನೋಡಿರಲಿಲ್ಲ.

ನಾನೂ ಸುಮ್ಮನೆ ಕೂರಲಿಲ್ಲ. ನಗರಸಭೆಗೆ ಹೋಗಿ ಕಟ್ಟಡದ ಮಂಜೂರಾದ ನಕ್ಷೆ ಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಅಲ್ಲಿನ ಇಂಜಿನಿಯರು, "ಒಳಗಿನ ದಂಡ ನಮ್ಮ ಕೈಯಲ್ಲಿಲ್ಲ. ಆದ್ರೆ ನಕ್ಷೇಲಿ ಮನೆಗೆ ಬಂದೋರಿಗೆ ಅಂತ ಜಾಗ ತೋರಿಸಿದ್ರೆ ಅದನ್ನ ಬಂದೋರಿಗೇ ಬಿಡಬೇಕು. ಅದನ್ನ ಹಿಡ್ಕೊಂಡು ಕೇಳಿ" ಅಂತ ದಾರಿ ಹೇಳಿಕೊಟ್ಟರು. ನಕಲು ಕೈಗೆ ಬಂದಾಗ ನೋಡಿದೆ. ನೆಲಮಹಡಿಯಲ್ಲಿ, ಮೆಟ್ಟಿಲಿನ ಪಕ್ಕದ ಎರಡು ಕಂಬಗಳ ನಡುವೆ ಒಂದು ಚೌಕ. ಅದರೊಳಗೆ ಅತಿಥಿಗಳ ವಾಹನ ಅಂತ ಬರೆದಿತ್ತು.

ನಕ್ಷೆ ಹಿಡಿದುಕೊಂಡು ನೇರ ಆ ಕಂಬಗಳ ಹತ್ತಿರ ಹೋದೆ. ಅಲ್ಲಿ ವಾಹನಕ್ಕಿರಲಿ, ಬೆಕ್ಕಿಗೂ ಜಾಗವಿರಲಿಲ್ಲ. ಸುಲಿದ ತೆಂಗಿನಕಾಯಿಯ ಮೂಟೆಗಳನ್ನು ಎದೆಯೆತ್ತರಕ್ಕೆ ಒಟ್ಟಿದ್ದರು. ಲಾರಿ ಬರುವ ತನಕ ಯಾರೋ ವ್ಯಾಪಾರಿ ಇಳಿಸಿಕೊಂಡಿದ್ದಾರೆ ಅಂದುಕೊಂಡು ದಿನಾ ಅದರ ಪಕ್ಕದಲ್ಲೇ ನಾನು ಮೆಟ್ಟಿಲು ಹತ್ತುತ್ತಿದ್ದೆ.

"ಯಾರದ್ರೀ ಈ ಮೂಟೆ?" ವಾಚ್‌ಮನ್‌ನ ಕೇಳಿದೆ.

ಅವನು ಆಕಾಶ ನೋಡಿದ. ಆಮೇಲೆ ಎರಡು ಬೆರಳು ತೋರಿಸಿದ. ಎರಡನೇ ಮಹಡಿ.

ನನಗೆ ನಗು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅಜ್ಜಿಯ ಮಗ ಬರೆದುಕೊಡದೆ ನುಣುಚಿಕೊಂಡದ್ದು ಇದಕ್ಕೇ. ಬಂದವರ ಜಾಗ ಎಲ್ಲಿ ಅಂತ ಒಂದು ಸಲ ಮಾತೆದ್ದರೆ ಮೊದಲು ಏಳಬೇಕಾದದ್ದು ಅವರ ಮೂಟೆ. ಅಧ್ಯಕ್ಷರಿಗೂ ಇದು ಗೊತ್ತಿತ್ತು. ಹಳೇ ಮನೆತನ, ಹಬ್ಬಕ್ಕೆ ಕಾಯಿ ಕಳಿಸುವವರು ಅಂತ ದಾಕ್ಷಿಣ್ಯಕ್ಕೆ ಸುಮ್ಮನಿದ್ದರು. ಹೇಳೋಕೆ ಆಗದವರನ್ನು ಬಿಟ್ಟು, ಹೇಳೋಕೆ ಸುಲಭವಾದ ನನ್ನ ಚಕ್ರಕ್ಕೆ ಬೀಗ ಹಾಕಿದ್ದರು.

ನಕ್ಷೆಯ ನಕಲು ಲಗತ್ತಿಸಿ ಸಂಘಕ್ಕೆ ಅರ್ಜಿ ಕೊಟ್ಟೆ. ಉತ್ತರ ಬಂತು. ವಿಷಯವನ್ನು ಬರುವ ಸರ್ವಸದಸ್ಯರ ಸಭೆಯಲ್ಲಿ ಇಡಬಹುದು, ಆದರೆ ಸದಸ್ಯರಲ್ಲದವರಿಗೆ ಮಾತಾಡಲು ಅವಕಾಶವಿಲ್ಲ. ಯಾರಾದರೂ ಸದಸ್ಯರು ಖುದ್ದು ಸಭೆಗೆ ಬಂದು ಎತ್ತಬೇಕು. ಸಭೆ ನಡೆಯುವುದು ಕೆಳಗೆ, ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿಕೊಂಡು.

ಇದನ್ನು ಅಜ್ಜಿಗೆ ಓದಿ ಹೇಳಿದೆ. ಮೂಟೆಯ ಮಾತು ಮಾತ್ರ ಬಿಟ್ಟೆ. ಹೆತ್ತ ಮಗನ ವಿಷಯ, ಲಕ್ವ ಹೊಡೆದ ಜೀವ, ಯಾಕೆ ನೋಯಿಸೋದು ಅಂತ.

ಅಜ್ಜಿ ಯೋಚನೆ ಮಾಡಿ ಕೇಳಿದರು, "ಸದಸ್ಯರು ಅಂದ್ರೆ ಯಾರು? ಮನೆ ಯಾರ ಹೆಸರಲ್ಲೈತೋ ಅವರು ತಾನೆ?"

"ಹೌದು ಅಜ್ಜಿ."

"ಮನೆ ನನ್ನ ಹೆಸರಲ್ಲೈತೆ." ಸೊಟ್ಟ ಬಾಯಿಯ ಒಂದು ಕಡೆ ನಗು ಅರಳಿತು. "ನಾನೇ ಬತ್ತೀನಿ ಅಂತ ಹೇಳು ಅವರಿಗೆ. ಕಾಲ್ನಡಿಗೇಲೇ ಬತ್ತೀನಿ."

ಅಲ್ಲಿಂದ ಮುಂದಿನ ದಿನಗಳೇ ನನ್ನ ಕೆಲಸದ ಬದುಕಿನ ಒಳ್ಳೆಯ ದಿನಗಳು ಅಂತ ಈಗಲೂ ಅನ್ನಿಸುತ್ತೆ. ಅಡುಗೆ ಕಟ್ಟೆ ಹಿಡಿದು ಪಕ್ಕಪಕ್ಕಕ್ಕೆ ಹೆಜ್ಜೆ ಹಾಕುವುದು ಮೊದಲು. ಕಾಲಿನ ಪಟ್ಟಿಯನ್ನು ಅಜ್ಜಿ ತಾವೇ ಕೇಳಿ ಹಾಕಿಸಿಕೊಂಡರು. ಆಮೇಲೆ ಊರುಗೋಲು: ಕೋಲು, ಸೋತ ಕಾಲು, ಗಟ್ಟಿ ಕಾಲು. ಈ ಸಾಲನ್ನು ಅವರು ಸಹಸ್ರನಾಮದ ಹಾಗೆ ಬಾಯಲ್ಲಿ ಹೇಳಿಕೊಂಡೇ ನಡೆಯುವರು. ಹಜಾರದ ಈ ಗೋಡೆಯಿಂದ ಆ ಗೋಡೆಗೆ, ಆಮೇಲೆ ಬಾಗಿಲು, ಆಮೇಲೆ ಹೊಸಿಲು.

ಮೆಟ್ಟಿಲಿನ ಹತ್ತಿರ ಹೊಸ ತೊಡಕು. ಹತ್ತೋಕೆ ಗಟ್ಟಿ ಕಾಲು ಮೊದಲು, ಇಳಿಯೋಕೆ ಸೋತ ಕಾಲು ಮೊದಲು, ಇದು ಎಲ್ಲರಿಗೂ ಹೇಳಿಕೊಡುವ ಪಾಠ. ಆದರೆ ಆ ಕಟ್ಟಡದಲ್ಲಿ ಕಂಬಿ ಇದ್ದದ್ದು ಒಂದೇ ಕಡೆ. ಇಳಿಯುವಾಗ ಅದು ಎಡಗೈಗೆ ಬರುತ್ತಿತ್ತು, ಆ ಕೈಯೇ ಬಿದ್ದುಹೋಗಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ, ಹಿಂದಕ್ಕೆ ತಿರುಗಿ ಇಳಿಸೋಣ ಅಂತ ತೀರ್ಮಾನಿಸಿದೆ. ಮುಖ ಮೇಲಕ್ಕೆ, ಬಲಗೈ ಕಂಬಿಗೆ, ಎಡಪಾದ ಹಿಂದಕ್ಕೆ ತಡವುತ್ತಾ ಕೆಳಗಿನ ಮೆಟ್ಟಿಲಿಗೆ. ನಾನು ಅವರ ಬೆನ್ನ ಹಿಂದೆ ಎರಡು ಮೆಟ್ಟಿಲು ಕೆಳಗೆ, ಸೊಂಟದ ಬೆಲ್ಟು ಹಿಡಿದು.

ಹೆದರುತ್ತಾರೆ ಅಂದುಕೊಂಡಿದ್ದೆ. ಅವರು ನನಗೇ ಧೈರ್ಯ ಹೇಳಿದರು.

"ನನ್ನ ತವರು ಹುಲಿಕೆರೆ ಕಣವ್ವ. ಅಲ್ಲೊಂದು ಕೊಳ ಐತೆ, ಸುತ್ತಲೂ ಮೆಟ್ಟಿಲು. ಸಣ್ಣೋಳಿದ್ದಾಗ ಪಾಚಿ ಜಾರುತ್ತೆ ಅಂತ ನಾವು ಹಿಂದಕ್ಕೆ ತಿರುಗ್ಕೊಂಡೇ ಇಳೀತಿದ್ವಿ. ನೀ ಸುಮ್ಕೆ ಹಿಡ್ಕೋ."

ಮೊದಲ ದಿನ ಒಂದು ಮೆಟ್ಟಿಲು ಇಳಿದು ವಾಪಸ್ಸು. ಮೂರನೆಯದಕ್ಕೆ ಹೋದಾಗ ಎಡಮಂಡಿ ಕುಸಿದು, ಇಬ್ಬರೂ ಗೋಡೆಗೆ ಒರಗಿ ಕೂತುಬಿಟ್ಟೆವು. ಸೊಸೆ ಚೀರಿಕೊಂಡು ಬಂದರು. ಅಜ್ಜಿ, "ಏನಿಲ್ಲ ಕಣೇ, ಸುಸ್ತಾಗಿ ಕೂತಿದೀವಿ, ಕಾಫಿ ತಾ" ಅಂದರು. ಮರಳಿನ ಪಟ್ಟಿಯ ತೂಕ ಏರಿಸಿ ತೊಡೆ ಗಟ್ಟಿ ಮಾಡಿಸಿದೆ. ಆಮೇಲೆ ಮೆಟ್ಟಿಲು ತಿರುಗುವಲ್ಲಿನ ಸಮತಟ್ಟಿನ ತನಕ ಹೋದೆವು. ಅಲ್ಲಿ ಒಂದು ಸ್ಟೂಲು ಇಟ್ಟೆವು. ಅಜ್ಜಿ ಸ್ಟೂಲಿನ ಮೇಲೆ ಕೂತು, ಏದುಸಿರು ಬಿಡುತ್ತಾ, ಸಭೆಯಲ್ಲಿ ಏನು ಮಾತಾಡಬೇಕು ಅಂತ ನನ್ನ ಮುಂದೆ ಅಭ್ಯಾಸ ಮಾಡುವರು. ಕೊಬ್ಬರಿ ತೂಗುವಾಗ ಕೈಚಳಕ ತೋರುವ ದಲ್ಲಾಳಿಗಳ ಜೊತೆ ಜೀವಮಾನವೆಲ್ಲ ಜಗಳಾಡಿದ ಬಾಯಿ ಅದು. "ಸ್ವಾಮಿ ಅಧ್ಯಕ್ಷರೇ" ಅಂತ ಶುರುವಾಗಿ ಎಲ್ಲಿಗೋ ಹೋಗಿ ಮುಟ್ಟುತ್ತಿತ್ತು.

ಒಂದು ಬೆಳಿಗ್ಗೆ ಮೊದಲನೇ ಮಹಡಿ ಮುಟ್ಟಿದೆವು. ಆ ಮಹಡಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಇನ್ನು ಉಳಿದದ್ದು ಅರ್ಧ. ಸಭೆಗೆ ಇನ್ನೂ ಹದಿನೈದು ದಿನಕ್ಕೂ ಹೆಚ್ಚಿತ್ತು. ಆಗುತ್ತೆ ಅಂತ ನನಗೆ ಖಾತ್ರಿಯಾಯಿತು.

ಆ ವಾರವೇ ಸೊಸೆ ನನ್ನನ್ನು ಅಡುಗೆ ಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಕಣ್ಣಲ್ಲಿ ನೀರು.

"ಮೇಡಂ, ಕೆಳಗಿನ ಕಾಯಿ ಮೂಟೆ ನಮ್ಮದೇ. ನಿಮಗೆ ಗೊತ್ತಾಗಿದೆ ಅಂತ ನನಗೂ ಗೊತ್ತು. ಅತ್ತೆ ಸಭೇಲಿ ಎದ್ದು ನಿಂತು ಬಂದೋರ ಜಾಗ ಎಲ್ಲಿ ಅಂತ ಕೇಳಿದ್ರೆ ಎಲ್ಲರೂ ನಮ್ಮ ಯಜಮಾನರ ಮುಖ ನೋಡ್ತಾರೆ. ತಾಯಿ ಕೈಲೇ ಮಗನ ಮಾನ ಕಳೆದಂಗಾಗುತ್ತೆ. ಅತ್ತೆಗೆ ಆಮೇಲೆ ಗೊತ್ತಾದ್ರೆ ಅವರಿಗೆಂಥ ಆಘಾತ, ಹೇಳಿ? ಇನ್ನೊಂದು ಸಲ ಸ್ಟ್ರೋಕ್ ಆಗ್ಬಿಟ್ರೆ?"

ಆ ಕೊನೆಯ ಮಾತು ನನ್ನನ್ನು ಕಟ್ಟಿಹಾಕಿತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾವ ಜಗಳವನ್ನೂ ನಾಲ್ಕು ಜನರ ಮುಂದೆ ಬಿಡಬಾರದು, ಅದಕ್ಕೆ ಮೊದಲೇ ಒಬ್ಬ ಹಿರಿಯರನ್ನು ಕರೆಸಿ, ಕಾಫಿ ಲೋಟದ ಮುಂದೆ ಮುಗಿಸಿಬಿಡಬೇಕು. ಯಾರೂ ಗೆಲ್ಲಬಾರದು, ಯಾರೂ ಸೋಲಬಾರದು. ಮಗ, ಸೊಸೆ ಹಳೇಬೀಡಿನಲ್ಲಿದ್ದ ಅಜ್ಜಿಯ ತಮ್ಮನನ್ನು ಕರೆಸಿದರು. ಮಠದ ಕೆಲಸಗಳಿಗೆ ಮುಂದೆ ನಿಲ್ಲುವ, ಎಲ್ಲರೂ ಮರ್ಯಾದೆ ಕೊಡುವ ಮನುಷ್ಯ. ಕೂತದ್ದು ಅಧ್ಯಕ್ಷರ ಮನೆಯಲ್ಲಿ. ಅಧ್ಯಕ್ಷರು, ಅಜ್ಜಿಯ ಮಗ, ನಾನು. ಅಜ್ಜಿ ಅದರ ಮೇಲಿನ ಮಹಡಿಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ನನಗೆ ಕಾಯುತ್ತಿದ್ದರು.

"ನೋಡಿ, ಹಾವೂ ಸಾಯಬಾರದು, ಕೋಲೂ ಮುರೀಬಾರದು" ಅಂತ ಹಿರಿಯರು ಶುರು ಮಾಡಿದರು. ಸೋದರಳಿಯನ ಕಡೆ ತಿರುಗಿ, "ಏನ್ಲಾ, ಮೂಟೆ ಇಡಕ್ಕೆ ನಿನಗೆ ಇದೇ ಜಾಗ ಬೇಕಾಗಿತ್ತಾ? ನಾಳೆನೇ ತೆಗಿ" ಅಂದರು. ಅಧ್ಯಕ್ಷರಿಗೆ, "ಮೇಡಮ್ಮೋರಿಗೆ ಹಾಕಿದ ದಂಡ ವಾಪಸ್ ಕೊಡ್ರಿ. ಬಂದೋರ ಜಾಗ ಅಂತ ಒಂದು ಬೋರ್ಡು ಹಾಕಿಸ್ರಿ." ಆಮೇಲೆ ನನ್ನ ಕಡೆ ನೋಡಿದರು. "ನೀವು ಅರ್ಜಿ ವಾಪಸ್ ತಗೊಂಡುಬಿಡಿ ತಾಯಿ. ಸಭೇಲಿ ಈ ಮಾತು ಬರೋದು ಬೇಡ. ಅಕ್ಕನೂ ಈ ವಯಸ್ಸಲ್ಲಿ ಮೆಟ್ಟಿಲು ಇಳಿದು ಕೆಳಗೆ ಬರೋದು ತಪ್ಪುತ್ತೆ. ಪಾಪ, ಅವಳಿಗ್ಯಾಕೆ ಆಯಾಸ?"

ನಾನು ಕೇಳಿದ್ದೆಲ್ಲ ಸಿಕ್ಕಿತ್ತು. ಒಂದು ಕ್ಷಣ, ಅಜ್ಜಿಯನ್ನು ಒಂದು ಮಾತು ಕೇಳಬೇಕು ಅಂತ ಬಾಯಿಗೆ ಬಂತು. ಸೊಸೆಯ ಕಣ್ಣೀರು ನೆನಪಾಯಿತು. ಊರೆಲ್ಲ ಅಲೆದು ನನಗೂ ಸಾಕಾಗಿತ್ತು. ಹೂಂ ಅಂದೆ.

ಮೆಟ್ಟಿಲು ಹತ್ತುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಗೆದ್ದ ಸುದ್ದಿ ಹೊತ್ತು ಹೋಗುತ್ತಿದ್ದೆನಲ್ಲ. ಬಾಗಿಲಲ್ಲೇ ಕೂಗಿದೆ, "ಅಜ್ಜಿ, ಗೆದ್ದುಬಿಟ್ವಿ! ಬೀಗ ಇಲ್ಲ, ದಂಡ ಇಲ್ಲ, ಬೋರ್ಡೂ ಹಾಕ್ತಾರಂತೆ!"

ಅಜ್ಜಿ ಊರುಗೋಲು ಹಿಡಿದು ನಿಂತಿದ್ದರು. "ಹಂಗಾರೆ ಮೀಟಿಂಗು?"

"ಅದರ ಅಗತ್ಯಾನೇ ಇಲ್ಲ ಈಗ."

ಅವರು ನಿಧಾನವಾಗಿ, ನಾನು ಹೇಳಿಕೊಟ್ಟ ಹಾಗೇ, ಮಂಚಕ್ಕೆ ಕಾಲಿನ ಹಿಂಬದಿ ತಾಗಿಸಿ, ಮುಂದಕ್ಕೆ ಬಾಗಿ ಕೂತರು. ಊರುಗೋಲನ್ನು ಗೋಡೆಗೆ ಒರಗಿಸಿಟ್ಟರು.

"ನಮ್ಮ ಕಾಯಿ ಮೂಟೆ ತೆಗೀತಾರಂತಾ?" ಅಂದರು.

"ನಿಮಗೆ... ಗೊತ್ತಿತ್ತಾ ಅಜ್ಜಿ?"

"ಏನವ್ವ ನೀನು! ಗೇಟಿನ ಮೇಲೇ ಮಲಗಿದೀನಿ. ಕಾಯಿ ಇಳಿಸೋ ಸದ್ದು ನನಗೆ ಗೊತ್ತಾಗಲ್ವಾ? ಮೊದಲಿಂದ ಗೊತ್ತು. ಅದಕ್ಕೇ ಅಲ್ವಾ ನಾನೇ ಇಳೀತೀನಿ ಅಂದಿದ್ದು? ತಪ್ಪು ನಮ್ಮನೇದು ಅಂತ ಮನೆ ಯಜಮಾನಿ ನಾನು ನಿಂತ್ಕೊಂಡು ಹೇಳಿದ್ರೆ ಅದರಲ್ಲಿ ಮಾನ ಹೋಗೋದೇನೈತೆ? ಮಾನ ಬರೋದು ಕಣವ್ವ." ಕಾಲು ಚಾಚಿದರು. "ಇದನ್ನ ಬಿಚ್ಚು. ನೋಯ್ತೈತೆ."

ಕಾಲಿನ ಪಟ್ಟಿ ಬಿಚ್ಚಿದೆ. ಆಘಾತವಾಗುತ್ತೆ ಅಂತ ನಾವು ಬಚ್ಚಿಟ್ಟ ಸಂಗತಿಯನ್ನು ಎದೆಯಲ್ಲಿಟ್ಟುಕೊಂಡೇ ಆ ಹೆಂಗಸು ಒಂದು ಮಹಡಿ ಇಳಿದಿದ್ದರು.

ಅಷ್ಟಕ್ಕೇ ನಿಂತಿದ್ದರೆ ಮತ್ತೆ ಏನಾದರೂ ಆಸೆ ಹುಟ್ಟಿಸಿ ಎಬ್ಬಿಸುತ್ತಿದ್ದೆನೋ ಏನೋ. ಅಧ್ಯಕ್ಷರು ಒಳ್ಳೆಯವರೇ, ಆ ಒಳ್ಳೆಯತನ ಬಂದು ಮುಟ್ಟಿತು. ಬೋರ್ಡು ಸಿದ್ಧವಾದ ಭಾನುವಾರ, ಹಿರಿಯ ಸದಸ್ಯೆ ಅಂತ ಅಜ್ಜಿಯ ಕೈಯಲ್ಲೇ ಪೂಜೆ ಮಾಡಿಸಬೇಕು ಅಂತ ಅವರಿಗೆ ತೋಚಿತು. ನನಗೂ ಹೇಳಿಕಳಿಸಿದರು. ನಾನು ಗೇಟಿನೊಳಗೆ ಸ್ಕೂಟರು ತರುವಷ್ಟರಲ್ಲಿ ಮೆಟ್ಟಿಲಿನಿಂದ ಗದ್ದಲ ಕೇಳಿಸಿತು. "ನಿಧಾನ, ನಿಧಾನ, ಆ ಕಡೆ ಎತ್ತು."

ನಾಲ್ಕು ಜನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತಿದ್ದರು. ರೇಷ್ಮೆ ಸೀರೆ ಉಡಿಸಿದ್ದರು. ಹಣೆ ತುಂಬ ವಿಭೂತಿ. ಪೂಜೆಗೆ ಅಂತ ತಂದಿದ್ದ ಹಾರವನ್ನು ಯಾರೋ ಗೌರವಕ್ಕೆ ಅವರ ಕೊರಳಿಗೇ ಹಾಕಿದ್ದರು. ಮಗ ಕುರ್ಚಿಯ ಹಿಂಗಾಲು ಹಿಡಿದಿದ್ದರು, ಮುಖದಲ್ಲಿ ಸಂತೋಷ. ಅಜ್ಜಿ ಕಣ್ಣು ಮುಚ್ಚಿದ್ದರು.

ನಾನು ಕೂಗಬೇಕಿತ್ತು. ಸ್ಕೂಟರಿನ ಬೀಗಕ್ಕೆ ಇಡೀ ಕಟ್ಟಡ ಕೇಳುವ ಹಾಗೆ ಕೂಗಿದ್ದ ನನಗೆ ಅವತ್ತು ಬಾಯಿ ಬರಲಿಲ್ಲ. ಕಂಬಗಳ ನಡುವೆ, ಮೂಟೆ ತೆಗೆದು ಗುಡಿಸಿದ ಜಾಗದಲ್ಲಿ ಕುರ್ಚಿ ಇಳಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಬಲಗೈಯಿಂದ ಬೋರ್ಡಿಗೆ ಕುಂಕುಮ ಇಟ್ಟರು. ಹತ್ತಿರ ಹೋಗಿ ಮಂಡಿಯೂರಿ ಕೂತೆ. "ಅಜ್ಜಿ, ವಾಪಸ್ ಹತ್ತೋವಾಗ ನಡ್ಕೊಂಡು ಹೋಗೋಣ. ನಾನಿದೀನಿ" ಅಂದೆ.

"ಬೇಡ ಕಣವ್ವ" ಅಂದರು. "ಆಯ್ತಲ್ಲ. ಹೊತ್ತುಬಿಟ್ರಲ್ಲ."

ಅದಾದ ಮೇಲೂ ನಾನು ಹೋಗುವುದನ್ನು ಬಿಟ್ಟಿಲ್ಲ. ಆ ಜಾಗದಲ್ಲಿ ಸ್ಕೂಟರು ನಿಲ್ಲಿಸುತ್ತೇನೆ. ವಾಚ್‌ಮನ್ ಸಲ್ಯೂಟ್ ಹೊಡೆದು ಗೇಟು ತೆಗೆಯುತ್ತಾನೆ. ಅಜ್ಜಿ ಮಲಗಿದ್ದಲ್ಲೇ ಕಾಲು ಕೊಡುತ್ತಾರೆ. ಮಂಡಿ ಸೆಟೆಯದ ಹಾಗೆ ಮಡಿಸಿ ಚಾಚಿಸುತ್ತೇನೆ, ಪಾದ ತಿಕ್ಕುತ್ತೇನೆ. ಏಳಿ ಅಂದರೆ ಮಂಚದ ತುದಿಯ ತನಕ ಬರುತ್ತಾರೆ, ಅದೂ ನನ್ನ ದಾಕ್ಷಿಣ್ಯಕ್ಕೆ. ದೇವಸ್ಥಾನಕ್ಕೆ ಹೋಗೋಣ, ಹುಲಿಕೆರೆ ಕೊಳ ನೋಡಿಬರೋಣ ಅಂತೆಲ್ಲ ಆಸೆ ತೋರಿಸಿದೆ. "ನೋಡಾನ" ಅನ್ನುತ್ತಾರೆ. ಸ್ಟೂಲು ಇನ್ನೂ ಮೆಟ್ಟಿಲಿನ ತಿರುವಿನಲ್ಲೇ ಇದೆ, ಹಾಲಿನವನು ಅದರ ಮೇಲೆ ಕ್ಯಾನು ಇಳಿಸಿಕೊಳ್ಳುತ್ತಾನೆ.

ಮೊನ್ನೆ ಪಾದ ತಿಕ್ಕುತ್ತಿದ್ದಾಗ ಕೆಳಗೆ ಯಾರೋ ಜೋರಾಗಿ ಮಾತಾಡಿದ್ದು ಕೇಳಿಸಿತು. ಅಜ್ಜಿಯ ತಲೆ ದಿಂಬಿನಿಂದ ಎದ್ದಿತು. ಎಷ್ಟೋ ದಿನಗಳ ಮೇಲೆ ಆ ಕಣ್ಣಲ್ಲಿ ಹಳೆಯ ಬೆಳಕು ಕಂಡೆ.

"ಏನವ್ವ, ಕೆಳಗೆ ಏನಾರ ಜಗಳ ಐತಾ?"

ಕಿಟಕಿಯಿಂದ ಬಗ್ಗಿ ನೋಡಿದೆ. ಯಾರೋ ಸಿಲಿಂಡರ್ ತಂದವನು ಗೆಳೆಯನ ಜೊತೆ ನಗುತ್ತಾ ಮಾತಾಡುತ್ತಿದ್ದ.

"ಇಲ್ಲ ಅಜ್ಜಿ" ಅಂದೆ. "ಜಗಳ ಏನೂ ಇಲ್ಲ."

"ಹೌದಾ" ಅಂದು ಅವರು ಮತ್ತೆ ದಿಂಬಿಗೆ ತಲೆ ಕೊಟ್ಟರು.